ಸ್ಕಾಲರ್‌ಶಿಪ್ ಸಿಕ್ಕೈತಿ ಸರಿ, ನಮ್ಮ ಕೈಯಿಂದ ಹೋಗೂದೆಷ್ಟು?

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ಗದಗ ಎಪಿಎಂಸಿಯಾಗ ನಂದೊಂದು ಸಣ್ಣ ಅಡತಿ ಅಂಗಡಿ ಐತಿ. ಮಗಳು ಪಿಯುಸಿ ಮುಗಿಸ್ಯಾಳ, ಅಮೆರಿಕದಾಗ ಸಣ್ಣ ಊರಿನ ಒಂದು ಚರ್ಚ್ ಕಾಲೇಜಿನಾಗ ಸೀಟ್ ಸಿಕ್ಕೈತಿ. ಫೀ 33,000 ಡಾಲರ್, ಅವ್ರು ಕೊಡೂದು 24,500, ಅಂದ್ರ ವರ್ಷಕ್ಕ 8,500 ಕಟ್ಟಿದ್ರ ಮುಗೀತಲ್ರಿ? ಅಲ್ಲಿನ ಸರ್ಕಾರದ ಸಹಾಯಧನಕ್ಕ ಹಾಕೂ ಫಾಫ್ಸಾ ಫಾರ್ಮ್ ತುಂಬಿದ್ರ ಇನ್ನೂ ಸಿಗತೈತಿ ಅಂತ ಅಲ್ಲಿರೋ ಬೀಗರು ಹೇಳ್ತಾರ. ಮುಳಗುಂದ ಕಡೆ 3 ಎಕರೆ ಹೊಲ ಬ್ಯಾಂಕಿಗೆ ಇಟ್ಟು ಕಳಸಬೇಕಂತ ಮಾಡೀವಿ. ಪತ್ರದ ಫೋಟೊ ಕಳ್ಸೀನಿ, ನೋಡಿ ಹೇಳ್ರಿ.
— ಒಬ್ಬ ಅಪ್ಪ, ಗದಗ

ಉತ್ತರ: ಅಣ್ಣಾರ, ಮೊದಲು ಮಗಳಿಗೆ ಶಾಬ್ಬಾಸ್ ಅಂತ ಹೇಳ್ರಿ, ಗದಗಿನಾಗ ಕುಂತು ಇಷ್ಟೆಲ್ಲಾ ತಾನ ಹುಡುಕಿ ಅರ್ಜಿ ಹಾಕ್ಯಾಳ ಅಂದ್ರ ಸಣ್ಣ ಮಾತಲ್ಲ. ಆದ್ರ ಹೊಲದ ಕಾಗದ ಸದ್ಯಕ್ಕ ಟ್ರಂಕಿನಾಗ ಇರ್ಲಿ.

ನೀವು ಕಳ್ಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಮ್ಯಾಲೆ ದಪ್ಪ ಅಕ್ಷರದಾಗ 24,500 ಐತಿ, ಅದ್ರ ಕೆಳಗ ಸಣ್ಣಾಗಿ ಸ್ಕಾಲರ್‌ಶಿಪ್ 22,000, ಕ್ಯಾಂಪಸ್ ಕೆಲಸ 2,500 ಅಂತ ಬರದಾರ. ಈ 2,500 ಕಾಲೇಜು ಕೊಡೂ ರೊಕ್ಕ ಅಲ್ರಿ, ಮಗಳು ಲೈಬ್ರರಿಯೊಳಗೋ ಅಡಿಗಿಮನಿಯೊಳಗೋ ದುಡಿದ ಮ್ಯಾಲೆ ಬರೂ ಪಗಾರ, ಕೆಲಸ ಸಿಕ್ರ ಉಂಟು ಇಲ್ಲಾಂದ್ರ ಇಲ್ಲ, ಫೀ ಕಟ್ಟೂ ಟೈಮಿಗಂತೂ ಕೈಗೆ ಬರಂಗಿಲ್ಲ. ವಿದ್ಯಾರ್ಥಿ ವೀಸಾದಾಗ ಹೋದವ್ರು ಕ್ಲಾಸ್ ನಡೆಯೂವಾಗ ಕ್ಯಾಂಪಸ್ಸಿನಾಗ ವಾರಕ್ಕ 20 ತಾಸಿಗಿಂತ ಹೆಚ್ಚು ದುಡಿಯಂಗೂ ಇಲ್ಲ. ಹಿಂಗಾಗಿ ಲೆಕ್ಕದಾಗ ಕಳಿಯೂದು ವಾಪಸ್ ಕೊಡೂದಿಲ್ಲದ, ದುಡಿಯೂದಿಲ್ಲದ ಬರೂ ರೊಕ್ಕ ಅಷ್ಟ, ಸಾಲಾನೂ ಕಳಿಯಂಗಿಲ್ಲ.

ಇನ್ನ ಯಾವ್ದರಾಗಿಂದ ಕಳೀಬೇಕು? ಫೀಯಾಗಿಂದಲ್ಲ, ಒಟ್ಟು ಖರ್ಚಿನಾಗಿಂದ. ನಿಮ್ಮ ಪತ್ರದ ಎರಡನೇ ಪುಟದಾಗ ಐತಿ ನೋಡ್ರಿ: ರೂಮು-ಊಟ 11,500, ಇನ್ಶೂರೆನ್ಸ್ 2,000, ಪುಸ್ತಕ 1,000, ಕೈಖರ್ಚು 2,500. ಫೀ ಕೂಡಿಸಿದ್ರ 50,000, ಅದ್ರಾಗ 22,000 ಹೋದ್ರ 28,000 ಉಳೀತು. ಡಾಲರಿಗೆ 90 ರೂಪಾಯಿ ಹಿಡಿದ್ರ 25 ಲಕ್ಷ ದಾಟತೈತಿ, ನೀವು ಅನ್ಕೊಂಡಿದ್ದು 8 ಲಕ್ಷದೊಳಗ. ನಾಕು ವರ್ಷಕ್ಕ ಕೋಟಿ ಆತು, ವಿಮಾನದ ಟಿಕೆಟ್ ಬ್ಯಾರೆ.

ನಮ್ಮ ಕಡೆ ಇದು ಹೊಸ ಮಾತಲ್ಲ. ಧಾರವಾಡ ಮುರುಘಾಮಠದ ಪ್ರಸಾದ ನಿಲಯದಾಗ ಉಂಡು ಕಲ್ತ ಹಳ್ಳಿ ಹುಡುಗ್ರನ್ನ ಕೇಳ್ರಿ, ಫೀ ಹೆಂಗರ ಹೊಂದಸ್ತಿದ್ರು, ಎರಡು ಹೊತ್ತಿನ ಊಟ ಮತ್ತ ಮಲಗಾಕ ಜಾಗಾ ಇದ್ದಿದ್ದಕ್ಕ ಕಲಿಯಾಕಾತು. ನಿಮ್ಮ ಪತ್ರದಾಗಿನ ಸ್ಕಾಲರ್‌ಶಿಪ್ ಆ ಊಟದ ಮಟಾ ಮುಟ್ಟಂಗಿಲ್ಲ.

ಫಾಫ್ಸಾ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವ್ರಿಗೆ, ಅಂಥಾ ಕೆಲವ್ರಿಗೆ ಮಾತ್ರ. ಬೀಗರ ಮಕ್ಕಳಿಗೆ ಸಿಕ್ಕಿರಬಹುದು, ನಿಮ್ಮ ಮಗಳಿಗೆ ಬರಂಗಿಲ್ಲ. ಕಾಲೇಜಿನ ವೆಬ್‌ಸೈಟಿನಾಗ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಇರ್ತೈತಿ, ಸಹಾಯ ಕಳದು ಕೈಯಿಂದ ಎಷ್ಟು ಹೋಗತೈತಿ ಅಂತ ಅಂದಾಜು ಹೇಳತೈತಿ, 2011ರಿಂದ ಅಲ್ಲಿ ಅದು ಕಡ್ಡಾಯ, ಆದ್ರ ಅದನ್ನ ಅಲ್ಲಿನ ಹುಡುಗ್ರ ಲೆಕ್ಕಕ್ಕ ಮಾಡಿರ್ತಾರ, ಅದರ ಉತ್ತರ ನಂಬಿ ಕೂಡಬ್ಯಾಡ್ರಿ. ವೀಸಾಕ್ಕಂತ ಕಾಲೇಜು ಕೊಡೂ ಐ-20 ಕಾಗದದಾಗ ಬರೂ ಖರ್ಚಿನ ಅಂಕಿ ನಿಮಗ ಹೆಚ್ಚು ಹತ್ರ.

ಚರ್ಚ್ ಕಾಲೇಜು ಅಂದ ಮ್ಯಾಲೆ ಎರಡು ಮಾತು ಕೇಳ್ಬೇಕು. ಕೆಲವು ಕಡೆ ಹುಡುಗ್ರ ಚರ್ಚು ಎಷ್ಟು ಕೊಡತೈತೋ ಕಾಲೇಜೂ ಅಷ್ಟ ಕೂಡಸತೈತಿ, ಅದು ನಿಮಗ ಸಿಗೂದು ಕಷ್ಟ. ಭಾಳ ಕಡೆ ಪ್ರಾರ್ಥನೆಗೆ ಹಾಜರಿ, ಬೈಬಲ್ ಕ್ಲಾಸು ಕಡ್ಡಾಯ ಇರ್ತಾವ, ಅದ್ರಾಗ ತಪ್ಪೇನಿಲ್ಲ, ಮಗಳಿಗೆ ಮೊದ್ಲ ಗೊತ್ತಿರ್ಲಿ ಅಷ್ಟ. ಹಂಗಂತ ಎಲ್ಲಾ ಕಾಲೇಜೂ ದುಬಾರಿ ಅಂತಲ್ಲ: ಕೆಂಟಕಿಯ ಬೆರಿಯಾ ಕಾಲೇಜು, 1855ರಾಗ ಕ್ರೈಸ್ತ ಧರ್ಮದ ನೆಲಿ ಮ್ಯಾಲೆ ಶುರುವಾಗಿದ್ದು, 1892ರಿಂದ ಟ್ಯೂಷನ್ ಫೀ ತಗೊಳಂಗಿಲ್ಲ, ಬದ್ಲಿಗೆ ಎಲ್ಲಾ ವಿದ್ಯಾರ್ಥಿಗಳೂ ಕಾಲೇಜಿನಾಗ ಕೆಲಸ ಮಾಡ್ತಾರ. ಸೀಟು ಸಿಗೂದು ಕಷ್ಟ, ಆದ್ರೂ ಮುಂದಿನ ವರ್ಷಕ್ಕ ಅರ್ಜಿ ಹಾಕಿ ನೋಡಬಹುದು.

ಈಗ ಡಿಪಾಸಿಟ್ ಕಟ್ಟೂದಕ್ಕಿಂತ ಮೊದ್ಲ ಮಗಳ ಕೈಲಿ ಒಂದು ಮೇಲ್ ಬರಸ್ರಿ. ಸ್ಕಾಲರ್‌ಶಿಪ್ ನಾಕೂ ವರ್ಷ ಇರ್ತೈತೇನು, ಎಷ್ಟು ಮಾರ್ಕ್ಸ್ ಕಡಿಮಿ ಆದ್ರ ನಿಲ್ಲತೈತಿ, ಫೀ ಏರಿದ್ರ ಅದೂ ಏರತೈತೇನು, ಊಟ-ರೂಮಿಗೆ ಇನ್ನೇನರ ಸಹಾಯ ಐತೇನು ಅಂತ ಕೇಳ್ಲಿ. ಖರ್ಚು ನೂರಕ್ಕ 4ರಂಗ ಏರಿ ಸ್ಕಾಲರ್‌ಶಿಪ್ ಅಲ್ಲೇ ನಿಂತ್ರ ಎರಡನೇ ವರ್ಷಕ್ಕ 2,000 ಡಾಲರ್ ಪೂರಾ ನಿಮ್ಮ ತಲಿ ಮ್ಯಾಲೆ. ಕೇಳಾಕ ನಾಚ್ಕೋಬ್ಯಾಡ್ರಿ, ಮನಿ ಪರಿಸ್ಥಿತಿ ಬರದು ಕೇಳಿದ್ರ ಸಣ್ಣ ಕಾಲೇಜುಗಳು ಒಮ್ಮೊಮ್ಮೆ ಇನ್ನಷ್ಟು ಕೂಡಸ್ತಾವ. ಉತ್ತರ ಬಂದ ಮ್ಯಾಲೆ ಅದನ್ನೂ ಕಳಸ್ರಿ, ಕೂಡಿ ಲೆಕ್ಕ ಹಾಕೋಣು.