ಕಟಿಂಗ್ ಮಷೀನ್ ಕೂದಲು ಕಚ್ಚಿ ಎಳೆಯುತ್ತಿದೆ, ಬ್ಲೇಡಿಗೆ ಕೊಬ್ಬರಿ ಎಣ್ಣೆ ಬಿಡಬಹುದಾ?

ಬೇಡ. ದಾವಣಗೆರೆಯ ನಮ್ಮ ಅಂಗಡಿಯಲ್ಲೂ ಮೊದಲು ಅದನ್ನೇ ಬಿಡುತ್ತಿದ್ದೆವು. ಒಂದು ಡಿಸೆಂಬರ್ ಬೆಳಿಗ್ಗೆ ಮೊದಲ ಗಿರಾಕಿಯ ಕತ್ತಿನ ಹಿಂದೆಯೇ ಮಷೀನ್ ಮುಲುಗಿ ನಿಂತಿತು. ಬಿಚ್ಚಿ ನೋಡಿದರೆ ಬ್ಲೇಡುಗಳ ನಡುವೆ ಕೂದಲ ಪುಡಿ ಸೇರಿದ ಜಿಡ್ಡಿನ ಮುದ್ದೆ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ.

ಬೇಕಾದದ್ದು ತೆಳುವಾದ ಮಿನರಲ್ ಆಯಿಲ್. ಮಷೀನ್ ಜೊತೆ ಬಂದ ಬಾಟಲಿ ಮುಗಿದಿದ್ದರೆ ಹೊಲಿಗೆ ಮಷೀನಿನ ಬಿಳಿ ಎಣ್ಣೆ ನಡೆಯುತ್ತದೆ. ಬ್ರಷ್‌ನಿಂದ ಕೂದಲು ಉದುರಿಸಿ, ಮಷೀನ್ ಆನ್ ಮಾಡಿ, ಬ್ಲೇಡ್ ಕೆಳಮುಖವಾಗಿ ಹಿಡಿಯಿರಿ. ಹಲ್ಲುಗಳ ಮೇಲೆ ಎಡಕ್ಕೆ, ನಡುವಿಗೆ, ಬಲಕ್ಕೆ ಒಂದೊಂದು ಹನಿ. ಎರಡೂ ಪಕ್ಕಕ್ಕೆ ಒಂದೊಂದು. ಹತ್ತು ಸೆಕೆಂಡು ಓಡಿದರೆ ಸದ್ದು ತೆಳ್ಳಗಾಗುವುದು ಕಿವಿಗೇ ಗೊತ್ತಾಗುತ್ತದೆ. ಮಿಕ್ಕಿದ್ದನ್ನು ಒರೆಸಿ, ಇಲ್ಲದಿದ್ದರೆ ಗಿರಾಕಿಯ ಕಾಲರಿಗೆ ಕಲೆ, ಜಗಳ ನಿಮಗೆ. ಮದುವೆ ಸೀಸನ್ನಿನಲ್ಲಿ ನಾನು ದಿನಕ್ಕೆ ಎರಡು ಸಲ ಬಿಡುತ್ತೇನೆ.

ಆಮೇಲೂ ಕಚ್ಚಿದರೆ ಬ್ಲೇಡ್ ಮೊಂಡಾಗಿದೆ, ಇಲ್ಲವೇ ಜೋಡಣೆ ತಪ್ಪಿದೆ. ಓಡಾಡುವ ಬ್ಲೇಡಿನ ಹಲ್ಲು ನಿಂತ ಬ್ಲೇಡಿಗಿಂತ ಒಂಚೂರು ಹಿಂದೆಯೇ ಇರಬೇಕು. ಮುಂದೆ ಬಂದರೆ ಚರ್ಮ ಗೀರುತ್ತದೆ.