ಖಾಲಿ ಖಾನೆಯಿದ್ದರೂ ಸಲ್ಲಿಕೆಯಾಗುವ ಫಾರ್ಮ್

ಪ್ರಶ್ನೆ: ಜಾವಾಸ್ಕ್ರಿಪ್ಟ್ ಮೂಲಕ ವೆಬ್‌ಪುಟದ ಫಾರ್ಮಿನ ‘ಸಬ್ಮಿಟ್’ ಮೆಥಡ್ (ಫಾರ್ಮನ್ನು ಕಳುಹಿಸುವ ಆಜ್ಞೆ) ಕರೆದರೆ, ‘ರಿಕ್ವೈರ್ಡ್’ (ತುಂಬಲೇಬೇಕಾದದ್ದು) ಎಂದು ಗುರುತಿಸಿದ ಖಾನೆ ಖಾಲಿಯಿದ್ದರೂ ಮಾಹಿತಿ ಸರ್ವರ್‌ಗೆ ಹೋಗಿಬಿಡುತ್ತದೆ. ಬಟನ್ ಒತ್ತಿದಾಗ ಹೀಗಾಗುವುದಿಲ್ಲ. ಕಾರಣವೇನು?

ಉತ್ತರ: ಇದು ಬ್ರೌಸರ್‌ನ ದೋಷವಲ್ಲ. ಬಳಕೆದಾರರು ಬಟನ್ ಒತ್ತಿದಾಗ ಬ್ರೌಸರ್ ಮೊದಲು ಖಾನೆಗಳನ್ನು ಪರಿಶೀಲಿಸಿ, ಎಲ್ಲವೂ ಸರಿಯಿದ್ದರೆ ‘ಸಬ್ಮಿಟ್’ ಈವೆಂಟನ್ನು (ಸಲ್ಲಿಕೆ ಆಗಲಿದೆ ಎಂದು ಕೋಡ್‌ಗೆ ತಿಳಿಸುವ ಸೂಚನೆಯನ್ನು) ಹೊರಡಿಸಿ, ಆಮೇಲಷ್ಟೇ ಮಾಹಿತಿಯನ್ನು ಕಳುಹಿಸುತ್ತದೆ. ಆದರೆ ಸ್ಕ್ರಿಪ್ಟ್ ನೇರವಾಗಿ ಆ ಮೆಥಡ್ ಕರೆದಾಗ ಪರಿಶೀಲನೆಯೂ ನಡೆಯುವುದಿಲ್ಲ, ಈವೆಂಟೂ ಹೊರಡುವುದಿಲ್ಲ. ಆದ್ದರಿಂದ ಆ ಈವೆಂಟಿಗಾಗಿ ನೀವು ಬರೆದಿಟ್ಟ ಕೋಡ್ ಕೂಡ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಇದೇ. ಬದಲಿಗೆ ‘ರಿಕ್ವೆಸ್ಟ್‌ಸಬ್ಮಿಟ್’ ಮೆಥಡ್ ಬಳಸಿರಿ. ಅದು ಬಟನ್ ಒತ್ತಿದಂತೆಯೇ ವರ್ತಿಸುತ್ತದೆ.

ಬಟನ್‌ಗೆ ‘ಸಬ್ಮಿಟ್’ ಎಂಬ ನೇಮ್ ಅಥವಾ ಐಡಿ ಕೊಡಬೇಡಿರಿ. ಕೊಟ್ಟರೆ ಫಾರ್ಮಿನಲ್ಲಿ ಆ ಹೆಸರಿಗೆ ಮೆಥಡ್ ಬದಲು ಬಟನ್ನೇ ಸಿಗುತ್ತದೆ, ಕರೆದಾಗ ‘ಇದು ಫಂಕ್ಷನ್ ಅಲ್ಲ’ ಎಂಬ ಅರ್ಥದ ದೋಷಸಂದೇಶ ಬರುತ್ತದೆ. ‘ಡಿಸೇಬಲ್ಡ್’ (ನಿಷ್ಕ್ರಿಯ) ಮಾಡಿದ ಖಾನೆಯ ಮೌಲ್ಯ ಸಲ್ಲಿಕೆಯಲ್ಲಿ ಸೇರುವುದಿಲ್ಲ. ತಿದ್ದಲಾಗದಿದ್ದರೂ ಮೌಲ್ಯ ತಲುಪಬೇಕಾದ ಪಠ್ಯದ ಖಾನೆಗೆ ‘ರೀಡ್‌ಓನ್ಲಿ’ ಸೂಕ್ತ. ಬ್ರೌಸರ್‌ನ ಪರಿಶೀಲನೆಯನ್ನು ಯಾರು ಬೇಕಾದರೂ ತಪ್ಪಿಸಬಹುದಾದ್ದರಿಂದ, ಅದೇ ನಿಯಮಗಳನ್ನು ಸರ್ವರ್‌ನಲ್ಲಿಯೂ ಅವಶ್ಯವಾಗಿ ಬರೆಯಿರಿ.