ಗಾಲ್ವೇಯಿಂದ ಮೇಯೋ ಪಂದ್ಯಕ್ಕೆ ಬಸ್ಸೇ ವಾಸಿ

ಐರ್ಲೆಂಡಿನ ಗಾಲ್ವೇಯಿಂದ ಮೇಯೋ ಕೌಂಟಿಯ ಕ್ಯಾಸಲ್‌ಬಾರ್‌ನ ಮೆಕ್‌ಹೇಲ್ ಪಾರ್ಕ್ ಮೈದಾನಕ್ಕೆ ಗೇಲಿಕ್ ಫುಟ್‌ಬಾಲ್ ಪಂದ್ಯ ನೋಡಲು ರೈಲಲ್ಲಿ ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬಹುದು, ಆದರೆ ನೇರ ರೈಲಿಲ್ಲ. ಉತ್ತರಕ್ಕಿರುವ ಊರಿಗೆ ಮೊದಲು ಪೂರ್ವದ ಅಥ್ಲೋನ್‌ವರೆಗೆ ಹೋಗಿ, ಅಲ್ಲಿಂದ ವೆಸ್ಟ್‌ಪೋರ್ಟ್ ರೈಲು ಹತ್ತಬೇಕು. ಆ ಕಡೆ ದಿನಕ್ಕೆ ಕೆಲವೇ ರೈಲು. ಒಂದು ತಪ್ಪಿದರೆ ಪಂದ್ಯವೂ ತಪ್ಪಿದ ಹಾಗೆಯೇ. ಬಸ್ ಹಿಡಿಯಿರಿ. ಭಾನುವಾರದ ವೇಳಾಪಟ್ಟಿಯೇ ಬೇರೆ, ವಾಪಸ್ ಬರುವ ಬಸ್ಸನ್ನು ಮೊದಲು ನೋಡಿಕೊಳ್ಳಿ.

ಅಥೆನ್‌ರೈ, ಟ್ಯೂಮ್, ಕ್ಲೇರ್‌ಮಾರಿಸ್ ಮೂಲಕ ಹತ್ತಿರದ ಹಳಿ ಇತ್ತು. ಪ್ರಯಾಣಿಕರ ರೈಲು 1976ರಲ್ಲೇ ನಿಂತಿತು. ಅದೇ ಹಳಿ ದಕ್ಷಿಣಕ್ಕೆ ಮುಂದುವರಿಯುವ ಎನ್ನಿಸ್–ಅಥೆನ್‌ರೈ ತುಂಡು 2010ರಲ್ಲಿ ಮತ್ತೆ ತೆರೆಯಿತು. ಉಳಿದ ಅಥೆನ್‌ರೈ–ಕ್ಲೇರ್‌ಮಾರಿಸ್ ತುಂಡಿಗೆ ರೈಲೋ ಸೈಕಲ್ ದಾರಿಯೋ ಎಂಬ ಜಗ್ಗಾಟ. ರೈಲೇ ಬರಬೇಕು: ಟ್ಯೂಮ್ ಗಾಲ್ವೇ ಫುಟ್‌ಬಾಲಿನ ಗಟ್ಟಿ ನೆಲೆ, ಗಾಲ್ವೇಯ ಮರೂನ್ ಅಂಗಿಯವರಿಗೂ ಮೇಯೋದ ಹಸಿರು-ಕೆಂಪಿನವರಿಗೂ ಅದೇ ನೇರ ದಾರಿ.